ಕಲ್ಯಾಣದ ಹಿರಿಯ ಮಗ

ಪ್ರವಾದಿ ಯೂಸುಫ್(ಅ)ರ ಚರಿತ್ರೆಯನ್ನು ನಮ್ಮಲ್ಲಿ ಹೆಚ್ಚಿನವರು ಮದ್ರಸಾದ ದಿನಗಳಿಂದಲೇ ಕೇಳುತ್ತ ಬೆಳೆದಿದ್ದೇವೆ. ತಂದೆಯ ಪ್ರೀತಿಯೆಲ್ಲ ತಮ್ಮನಿಗೇ ಹೋಯಿತೆಂದು ಅಣ್ಣಂದಿರು ಸೇರಿ ಅವನನ್ನು ಬಾವಿಗೆ ಹಾಕಿದ ಕತೆ ಅದು. ಬೈಬಲಿನಲ್ಲಿ ಆ ಅಣ್ಣಂದಿರ ಪೈಕಿ ಹಿರಿಯನ ಹೆಸರು ರೂಬೇನ್. ತನ್ನದೇ ತಪ್ಪಿನಿಂದ ಹಿರಿಯತನದ ಹಕ್ಕನ್ನು ಕಳೆದುಕೊಂಡವನು. ಕುರ್‌ಆನ್ ಅವನ ಹೆಸರು ಹೇಳುವುದಿಲ್ಲ. ಆದರೆ ಈಜಿಪ್ಟಿನಲ್ಲಿ ಕಿರಿಯ ತಮ್ಮನನ್ನು ಹಿಡಿದಿಟ್ಟಾಗ, ತಂದೆಯ ಅಪ್ಪಣೆ ಇಲ್ಲದೆ ಮರಳಲಾರೆನೆಂದು ಅಲ್ಲೇ ಉಳಿದುಬಿಟ್ಟವನು ಅವರೆಲ್ಲರಿಗೂ ಹಿರಿಯನು.

ಇತಿಹಾಸ ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ಪಾಠ ಬಂದಾಗ ನನಗೆ ಈ ಅಣ್ಣಂದಿರೇ ನೆನಪಾದರು. ಪಾಠದ ನಾಯಕ ಆರನೇ ವಿಕ್ರಮಾದಿತ್ಯ. ಅವನ ಅಣ್ಣ ಎರಡನೇ ಸೋಮೇಶ್ವರ ಬರುವುದು ಒಂದೆರಡು ಸಾಲಿನಲ್ಲಿ, ಅದೂ ಪದಚ್ಯುತನಾಗುವುದಕ್ಕೆ. ನಾನೂ ನಮ್ಮ ಮನೆಗೆ ಹಿರಿಯ ಮಗ. ಹಾಗಾಗಿಯೋ ಏನೋ, ಆ ಒಂದೆರಡು ಸಾಲಿನ ರಾಜನ ಬೆನ್ನು ಹತ್ತಿದೆ.

ಅವನ ತಂದೆ ಮೊದಲನೇ ಸೋಮೇಶ್ವರ, ಆಹವಮಲ್ಲ ಎಂಬ ಬಿರುದಿನವನು. ಚೋಳರೊಂದಿಗೆ ಜೀವನವಿಡೀ ಕಾದಾಡಿದವನು. ವಾಸಿಯಾಗದ ಕಾಯಿಲೆ ಬಂದಾಗ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟ. ಹಿರಿಯ ಮಗ ಭುವನೈಕಮಲ್ಲ ಎಂಬ ಬಿರುದಿನೊಂದಿಗೆ ಪಟ್ಟಕ್ಕೆ ಬಂದ. ತಮ್ಮ ವಿಕ್ರಮಾದಿತ್ಯ ಆ ಹೊತ್ತಿಗಾಗಲೇ ಗಂಗವಾಡಿ, ಬನವಾಸಿ ಪ್ರಾಂತಗಳನ್ನು ಆಳಿ ಪಳಗಿದ್ದ. ಇನ್ನೊಬ್ಬ ತಮ್ಮ ಜಯಸಿಂಹ.

ಹೊಸ ರಾಜನಿಗೆ ಉಸಿರಾಡಲೂ ಬಿಡುವು ಸಿಗಲಿಲ್ಲ. ಚೋಳ ದೊರೆ ವೀರರಾಜೇಂದ್ರ ದಂಡೆತ್ತಿ ಬಂದ. ಗುತ್ತಿ ಕೋಟೆಗೆ ಮುತ್ತಿಗೆ ಬಿತ್ತು. ಕಂಪಿಲಿಯನ್ನು ಸುಟ್ಟೆವೆಂದು ಚೋಳರ ಶಾಸನ ಹೇಳಿದರೆ, ಚೋಳರನ್ನು ಓಡಿಸಿದೆವೆಂದು ಸೋಮೇಶ್ವರನ ಕಡೆಯ ಶಾಸನ ಹೇಳುತ್ತದೆ. ಎರಡು ಕಡೆಯವರೂ ಗೆದ್ದ ಯುದ್ಧ! ಏನೇ ಇರಲಿ, ರಾಜ್ಯ ಉಳಿಯಿತು. ಕೈಲಾಗದವನಾಗಿದ್ದರೆ ಅವನ ಕತೆ ಆ ವರ್ಷವೇ ಮುಗಿಯುತ್ತಿತ್ತು.

ಒಡಕು ಬಂದದ್ದು ಮನೆಯೊಳಗೆ. ಸೋಮೇಶ್ವರ ಅಧಿಕಾರದ ಮದದಲ್ಲಿ ಯಾರನ್ನೂ ನಂಬದವನಾದ, ಹಣದಾಸೆಗೆ ಬಿದ್ದ, ಪ್ರಜೆಗಳನ್ನು ಪೀಡಿಸಿದ, ತಮ್ಮನಿಗೇ ಕೇಡು ಬಗೆದ ಎಂಬುದು ಅವನ ಮೇಲಿರುವ ಆರೋಪ. ವಿಕ್ರಮಾದಿತ್ಯ ಜಯಸಿಂಹನನ್ನು ಕರೆದುಕೊಂಡು ಕಲ್ಯಾಣವನ್ನೇ ಬಿಟ್ಟ. ಗೋವೆಯ ಕದಂಬರ ಜಯಕೇಶಿ ಅವನ ಜೊತೆ ನಿಂತ. (ಈ ಜಯಕೇಶಿ ಅರಬ್ ಮೂಲದ ವರ್ತಕ ಮನೆತನದವನೊಬ್ಬನನ್ನು ದೊಡ್ಡ ಅಧಿಕಾರದಲ್ಲಿ ಇಟ್ಟುಕೊಂಡಿದ್ದ ಎಂಬುದು ನಮ್ಮ ಕರಾವಳಿಯವರು ತಿಳಿದಿರಬೇಕಾದ ಸಂಗತಿ.) ಮುಂದೆ ವಿಕ್ರಮಾದಿತ್ಯ ವೀರರಾಜೇಂದ್ರನ ಮಗಳನ್ನೇ ಮದುವೆಯಾದ. ಅಂದರೆ ತಂದೆಯ ಜೀವಮಾನದ ವೈರಿಯ ಅಳಿಯನಾದ.

1070ರಲ್ಲಿ ಆ ಮಾವ ತೀರಿಕೊಂಡ. ಪಟ್ಟವೇರಿದ ಭಾವಮೈದುನನೂ ಸ್ವಲ್ಪ ದಿನದಲ್ಲೇ ಕೊಲೆಯಾಗಿ, ಚೋಳ ಸಿಂಹಾಸನ ಕುಲೋತ್ತುಂಗನ ಪಾಲಾಯಿತು. ಇವನು ವಿಕ್ರಮಾದಿತ್ಯನ ವೈರಿ. ಈಗ ಅಣ್ಣ ಸೋಮೇಶ್ವರ ಕುಲೋತ್ತುಂಗನ ಕೈ ಹಿಡಿದ. ಇಬ್ಬರು ಅಣ್ಣತಮ್ಮಂದಿರೂ ಒಬ್ಬರನ್ನೊಬ್ಬರು ಸೋಲಿಸಲು ತಂದೆ ಕಾದಾಡಿದ ಮನೆಯ ಬಾಗಿಲನ್ನೇ ತಟ್ಟಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಬೇಸರ ತರುವ ಭಾಗ ಇದೇ. 1076ರಲ್ಲಿ ಯುದ್ಧ ಮುಗಿದಾಗ ಕುಲೋತ್ತುಂಗ ತನ್ನ ನಾಡಿಗೆ ಹಿಂದಿರುಗಿದ್ದ, ಸೋಮೇಶ್ವರ ತಮ್ಮನ ಸೆರೆಯಾಳಾಗಿದ್ದ. ವಿಕ್ರಮಾದಿತ್ಯ ಹಳೆಯ ಶಕವರ್ಷವನ್ನು ಬದಿಗಿಟ್ಟು ತನ್ನದೇ ಹೆಸರಿನ ಶಕೆ ಆರಂಭಿಸಿದ. ಐವತ್ತು ವರ್ಷ ಆಳಿದ.

ಅಣ್ಣನ ಮೇಲಿನ ಆ ಆರೋಪಗಳನ್ನು ಬರೆದವರು ಯಾರು? ಕಾಶ್ಮೀರದ ಕವಿ ಬಿಲ್ಹಣ. ಊರು ಬಿಟ್ಟು ಮಥುರಾ, ಕಾಶಿ, ಸೋಮನಾಥ ಎಲ್ಲ ಸುತ್ತಿ, ಹಡಗಿನಲ್ಲಿ ನಮ್ಮ ಕುಮಟಾ ತಾಲೂಕಿನ ಗೋಕರ್ಣದ ಕಡೆಗೆ ಬಂದು, ಕೊನೆಗೆ ಕಲ್ಯಾಣ ಸೇರಿದವನು. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟ. ಅವನು ರಾಜನ ಮೇಲೆ ವಿಕ್ರಮಾಂಕದೇವಚರಿತ ಎಂಬ ಸಂಸ್ಕೃತ ಕಾವ್ಯ ಬರೆದ. ಆ ಕಾವ್ಯದಲ್ಲಿ ತಂದೆ ಯುವರಾಜ ಪಟ್ಟವನ್ನು ಕೊಡಬಯಸುವುದು ಎರಡನೆಯ ಮಗನಿಗೆ. ಅಣ್ಣನಿರುವಾಗ ತನಗೆ ಬೇಡವೆಂದು ನಿರಾಕರಿಸುವವನು ವಿಕ್ರಮಾದಿತ್ಯ. ಅಣ್ಣನ ಮೇಲೆ ಯುದ್ಧಕ್ಕೆ ಹೋಗಲು ಅವನಿಗೆ ಮನಸ್ಸಿಲ್ಲ, ಶಿವನೇ ಕನಸಿನಲ್ಲಿ ಬಂದು ಆಜ್ಞೆ ಮಾಡಬೇಕಾಗುತ್ತದೆ. ಇಷ್ಟೊಂದು ಸಮಜಾಯಿಷಿ ಏಕೆ ಬೇಕಾಯಿತು ಎಂದು ನಾನು ಕೇಳಿಕೊಂಡೆ. ಅಣ್ಣನನ್ನು ಸೆರೆಗೆ ತಳ್ಳಿ ಪಟ್ಟವೇರಿದವನನ್ನು ಅಂದಿನ ಜನರೂ ಹುಬ್ಬೇರಿಸಿ ನೋಡಿರಬೇಕು. ಸೋಮೇಶ್ವರನ ಪರವಾಗಿ ಬರೆದ ಕಾವ್ಯವಿಲ್ಲ.

ಹಾಗೆಂದು ನಾನು ಅವನನ್ನು ನಿರಪರಾಧಿ ಎನ್ನುತ್ತಿಲ್ಲ. ಎಂಟು ವರ್ಷಗಳಲ್ಲಿ ಇಬ್ಬರು ತಮ್ಮಂದಿರೂ, ಹಲವು ಸಾಮಂತರೂ ದೂರವಾದರೆಂದರೆ ಎಲ್ಲರದೂ ತಪ್ಪು, ಇವನೊಬ್ಬನೇ ಸರಿ ಎನ್ನಲಾಗದು. ಮನೆಯ ಹಿರಿಯನಾದವನು ಜೊತೆಯಲ್ಲಿದ್ದವರನ್ನು ಉಳಿಸಿಕೊಳ್ಳಬೇಕಿತ್ತು. ಅದು ಅವನಿಂದ ಆಗಲಿಲ್ಲ.

ಇನ್ನು ಗೆದ್ದ ತಮ್ಮನ ಪಾಡು ನೋಡಿ. ಜೊತೆಗಿದ್ದ ಜಯಸಿಂಹನಿಗೆ ಅವನು ಬನವಾಸಿಯನ್ನು ಕೊಟ್ಟ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿದರೆ ಸಿಗುವ, ನಮ್ಮ ಜಿಲ್ಲೆಯದೇ ಬನವಾಸಿ. ಮಧುಕೇಶ್ವರ ದೇವಸ್ಥಾನ ನೋಡಲು ಶಾಲಾ ಪ್ರವಾಸದಲ್ಲಿ ಹೋದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕೆಲವೇ ವರ್ಷಗಳಲ್ಲಿ, ಸುಮಾರು 1083ರ ಹೊತ್ತಿಗೆ, ಜಯಸಿಂಹ ಅಲ್ಲಿಂದಲೇ ಅಣ್ಣನ ವಿರುದ್ಧ ದಂಡು ಕೂಡಿಸಿದ. ಬಿಲ್ಹಣ ಅವನ ಮೇಲೆ ಹೊರಿಸುವ ಆರೋಪಗಳೇನು ಗೊತ್ತೇ? ಹಣದಾಸೆ, ಪ್ರಜಾಪೀಡನೆ, ಚೋಳನೊಂದಿಗೆ ಸ್ನೇಹ. ಹಿಂದೆ ಸೋಮೇಶ್ವರನಿಗೆ ತೊಡಿಸಿದ ಅಂಗಿಯನ್ನೇ ಅಳತೆ ಬದಲಿಸದೆ ಇವನಿಗೂ ತೊಡಿಸಿದ್ದಾನೆ. ಕೃಷ್ಣಾ ತೀರದ ಯುದ್ಧದಲ್ಲಿ ಜಯಸಿಂಹ ಸೋತು ಸಿಕ್ಕಿಬಿದ್ದ. ಈ ಬಾರಿ ವಿಕ್ರಮಾದಿತ್ಯ ಅವನೊಂದಿಗೆ ಮೃದುವಾಗಿ ನಡೆದುಕೊಂಡನಂತೆ. ಅಣ್ಣನೆನಿಸಿಕೊಂಡು ತಮ್ಮನ ದಂಗೆ ಕಂಡಾಗ ಅವನಿಗೆ ಸೋಮೇಶ್ವರ ನೆನಪಾಗಿರದೆ ಇರಲಾರ.

ಅದೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತನಿದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಅದರಲ್ಲಿ ಅಣ್ಣತಮ್ಮಂದಿರ ಆಸ್ತಿ ಪಾಲಿನ ವಿಚಾರ ದೀರ್ಘವಾಗಿ ಬರುತ್ತದೆ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಎಂಬ ಮಾತು ಹಳೆಯ ಶಾಸ್ತ್ರದಲ್ಲಿದ್ದರೂ, ಜನ ಅದನ್ನು ಒಪ್ಪದ ಕಾರಣ ಹಾಗೆ ಮಾಡಕೂಡದು, ಎಲ್ಲರಿಗೂ ಸಮಪಾಲು ಎಂದು ಅವನು ತೀರ್ಮಾನಿಸಿದ. ಹಿಂದೂ ಅವಿಭಕ್ತ ಕುಟುಂಬಗಳ ಪಾಲಿನ ದಾವೆಗಳಲ್ಲಿ ವಕೀಲರು ಇಂದಿಗೂ ಮಿತಾಕ್ಷರದ ಹೆಸರು ಹೇಳುತ್ತಾರೆ.