ತನ್ನ ಬೆಲೆ ತಾನರಿತವರು



ನಮ್ಮ ಕೂಟದ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಗೆಳೆಯರು ಕೇಳಿದಾಗ ನಾನು ಹಿಂದೆ ಸರಿದೆ. ನಾನು ಓದುತ್ತಿರುವುದು ಬಿ.ಕಾಂ. ಜಮಾ ಖರ್ಚು ಬಿಟ್ಟರೆ ನನಗೆ ಬೇರೇನು ಗೊತ್ತು? ಆದರೂ ಒಂದು ಅರ್ಜಿಯ ನಮೂನೆ ನನ್ನಿಂದ ಈ ಲೇಖನ ಬರೆಸಿತು. ಅದನ್ನು ಕೊನೆಗೆ ಹೇಳುತ್ತೇನೆ.

ನಾವು ಯಾದಗಿರಿ ಕಡೆಯವರು. ತಂದೆಯವರಿಗೆ ನಾಚಾರಂನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದೆವು. ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಕಲಿತವನು. ಹೋದ ವರ್ಷ ಅಜ್ಜಿಯನ್ನು ಕರೆದುಕೊಂಡು ಅಫ್ಜಲ್‌ಗಂಜ್‌ನ ಉಸ್ಮಾನಿಯಾ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಯ ಆವರಣದಲ್ಲಿ ಒಂದು ಹಳೆಯ ಹುಣಸೆಮರ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ನುಂಗಿದಾಗ ಸುಮಾರು 150 ಜನ ಆ ಮರ ಹತ್ತಿ ಜೀವ ಉಳಿಸಿಕೊಂಡರಂತೆ. ಸತ್ತವರ ಲೆಕ್ಕ ಸಾವಿರಗಟ್ಟಲೆ. ಆ ಪ್ರವಾಹ ಮತ್ತೆ ಬಾರದಂತೆ ದಾರಿ ಹುಡುಕಲು ಹೈದರಾಬಾದಿಗೆ ಬಂದವರು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಎಂದು ತಿಳಿದಾಗ ಅವರ ಜೀವನ ಓದಬೇಕೆನ್ನಿಸಿತು.

ಶಾಲೆಯಲ್ಲಿ ಅವರ ಬಗ್ಗೆ ಪಾಠ ಓದದವರು ಯಾರಿದ್ದಾರೆ? ಕನ್ನಂಬಾಡಿ, ಪೇಟ, ಶಿಸ್ತು, ಸಮಯಪಾಲನೆ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ ಒಂದು ಸಂಗತಿ. 1908ರಲ್ಲಿ ಅವರು ಕೈಯಲ್ಲಿದ್ದ ದೊಡ್ಡ ಕೆಲಸವನ್ನು ತಾವಾಗಿಯೇ ಬಿಟ್ಟರು!

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ಆದರೆ ಬಡವರು. ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆ ಸಿಕ್ಕಿತು. ಮನೆಪಾಠ ಹೇಳಿ ಖರ್ಚಿಗೆ ದಾರಿ ಮಾಡಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಯ ಕಾಲೇಜು ಸೇರಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಈ ವಿದ್ಯಾರ್ಥಿವೇತನದ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ತಂದರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ, ನೀರು ಏರಿದಾಗ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಯೋಚಿಸಿ 1903ರಲ್ಲಿ ಕೂರಿಸಿದರು. 1906ರಲ್ಲಿ ಏಡನ್ ಊರಿನ ನೀರಿನ ವ್ಯವಸ್ಥೆ ನೋಡಿಬಂದರು. ಬಡ್ತಿಯ ಮೇಲೆ ಬಡ್ತಿ ಬಂತು. ಆದರೆ ತುತ್ತತುದಿಯ ಚೀಫ್ ಎಂಜಿನಿಯರ್ ಕುರ್ಚಿ ಆಗ ಇಂಗ್ಲಿಷರದು. ಎಷ್ಟು ದುಡಿದರೂ ಭಾರತೀಯನಾದ ತನಗೆ ಅದು ದಕ್ಕುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ನನ್ನಲ್ಲೇ ಏನೋ ಕೊರತೆ ಇದೆ ಅಂತ ಕೊರಗುತ್ತಿದ್ದೆ. ಇಲ್ಲವೇ ಬಂದಷ್ಟು ಬರಲಿ ಅಂತ ಪಿಂಚಣಿವರೆಗೆ ಸುಮ್ಮನೆ ಕೂರುತ್ತಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ಕುರ್ಚಿ ಸಿಗದಿದ್ದರೆ ಅದು ಕುರ್ಚಿ ಕೊಡುವವರ ದೋಷ, ತನ್ನ ಕೆಲಸದ ದೋಷವಲ್ಲ ಎಂದು ತಿಳಿದವರಂತೆ ನಡೆದುಕೊಂಡರು. ನಲವತ್ತೇಳರ ಆಸುಪಾಸಿನಲ್ಲಿ, ಮುಂದಿನ ನೌಕರಿ ಗೊತ್ತಿಲ್ಲದೆ ಸೇವೆ ಬಿಟ್ಟು, ಹೊರದೇಶಗಳನ್ನು ನೋಡಿ ಕಲಿಯಲು ಹೊರಟರು.

ಇಟಲಿಯ ಮಿಲಾನ್‌ನಲ್ಲಿದ್ದಾಗ ನಿಜಾಮ ಸರಕಾರದ ಕರೆ ಬಂತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ಕೆಲಸ ಆರಂಭಿಸಿದರು. ನದಿದಂಡೆಯನ್ನಷ್ಟೇ ನೋಡಿ ಗೋಡೆ ಕಟ್ಟಿ ಎನ್ನಲಿಲ್ಲ. ನೀರು ಎಲ್ಲಿಂದ ಬಂತು ಎಂದು ಮೇಲಕ್ಕೆ ಹೋಗಿ ಲೆಕ್ಕ ಹಾಕಿಸಿದರು. ಮೂಸಿಗೆ ನೀರು ಹರಿದುಬರುವ ಪ್ರದೇಶದಲ್ಲಿ 788 ಕೆರೆಗಳು, ಅವುಗಳಲ್ಲಿ 221 ಒಡೆದಿದ್ದವು. ಊರಿನ ಮೇಲ್ಭಾಗದಲ್ಲೇ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಸೂಚಿಸಿದ್ದರಿಂದ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲೂ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲೂ ಪೂರ್ಣಗೊಂಡವು. ನಾವು ರಜೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಗಂಡಿಪೇಟೆ ಕೆರೆ ಅಂದರೆ ಈ ಉಸ್ಮಾನ್ ಸಾಗರವೇ.

ಅದೇ 1909ರಲ್ಲಿ ಮೈಸೂರು ಅವರನ್ನು ಚೀಫ್ ಎಂಜಿನಿಯರ್ ಆಗಿ ಕರೆಯಿತು. ಒಂದು ಕಡೆ ಸಿಗದ ಕುರ್ಚಿ ಇನ್ನೊಂದು ಕಡೆ ತಾನೇ ಮನೆಗೆ ಬಂದಿತ್ತು! ಆದರೂ ಅವರು ತಕ್ಷಣ ಹೂಂ ಅನ್ನಲಿಲ್ಲ. ಕೈಗಾರಿಕೆಗೆ, ತಾಂತ್ರಿಕ ಶಿಕ್ಷಣಕ್ಕೆ ಕೆಲಸ ಮಾಡಲು ಅವಕಾಶ ಇದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡು ಒಪ್ಪಿದರು. 1912ರಲ್ಲಿ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಅವರ ಕಾಲದಲ್ಲೇ.

1918ರಲ್ಲಿ ಆ ದಿವಾನಗಿರಿಯನ್ನೂ ಬಿಟ್ಟರು. ಹಿಂದುಳಿದ ವರ್ಗದವರಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದ್ದರು. ಓದಿಗೆ ನೆರವು ಕೊಡಲು ಅವರು ಒಪ್ಪುತ್ತಿದ್ದರು, ನೇಮಕ ಮಾತ್ರ ಅರ್ಹತೆಯಿಂದಲೇ ಆಗಬೇಕೆಂಬುದು ಅವರ ನಿಲುವು. ಇಲ್ಲಿ ನಾನು ಅವರೊಂದಿಗೆ ಒಪ್ಪಲಾರೆ. ಅಕ್ಷರ ಬಲ್ಲ ತಂದೆ, ಪಟ್ಟಣದಲ್ಲಿ ಮಾವ, ಸಮಯಕ್ಕೆ ಸರಿಯಾಗಿ ವಿದ್ಯಾರ್ಥಿವೇತನ ಅವರಿಗಿತ್ತು. ಅದೂ ಇಲ್ಲದವರ ಅರ್ಹತೆ ಯಾವ ಅಂಕಪಟ್ಟಿಯಲ್ಲಿ ಕಾಣುತ್ತದೆ? ಮುಂಬಯಿಯಲ್ಲಿ ಅವರಿಗೆ ಮುಚ್ಚಿದ್ದಂಥ ಬಾಗಿಲೇ ಮೈಸೂರಿನಲ್ಲಿ ಬೇರೆಯವರಿಗೆ ಮುಚ್ಚಿತ್ತಲ್ಲವೆ? ದೊಡ್ಡವರ ಬಗ್ಗೆ ಹೀಗೆ ಬರೆಯುವುದು ಅಧಿಕಪ್ರಸಂಗ ಅನ್ನಿಸಿದರೆ ಕ್ಷಮಿಸಿ. ಆದರೆ ಒಪ್ಪದಿದ್ದಾಗ ಒಪ್ಪಲಿಲ್ಲ ಎನ್ನುವುದನ್ನು ಅವರ ಜೀವನದಿಂದಲೇ ಕಲಿತೆ.

ಮುಂದೆಯೂ ಅವರು ದಶಕಗಟ್ಟಲೆ ದುಡಿದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಈಗ ನನ್ನ ಅರ್ಜಿ. ನಮ್ಮ ಬಡಾವಣೆಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಅರೆಕಾಲಿಕ ಕೆಲಸವಿತ್ತು. ನಮೂನೆಯಲ್ಲಿ ಓದಿದ ಮಾಧ್ಯಮ ಎಂಬ ಅಂಕಣವನ್ನು ಖಾಲಿ ಬಿಟ್ಟೆ. ವಿದ್ಯಾರ್ಥಿವೇತನ ಪಡೆಯುವ ವಿಷಯವನ್ನೂ ಬರೆಯಲಿಲ್ಲ. ಕನ್ನಡ ಸಾಲಿ ಕಲಿತದ್ದೇನು ಕಳವು ಮಾಡಿದ್ದಾ ಅಂತ ಅವ್ವ ಬೈದಳು. ಆ ರಾತ್ರಿ ಯೋಚಿಸಿದೆ. ನನ್ನ ಆಯವ್ಯಯದ ಹಾಳೆಯಲ್ಲಿ ಆಸ್ತಿಯ ಕಡೆ ಬರೆಯಬೇಕಾದದ್ದನ್ನು ನಾನು ಸಾಲದ ಕಡೆ ಬರೆದುಕೊಂಡಿದ್ದೆ. ಹತ್ತು ವರ್ಷ ಕನ್ನಡದಲ್ಲಿ ಗಣಿತ ಕಲಿತದ್ದರಿಂದಲೇ ಲೆಕ್ಕ ನನಗೆ ಹಗುರ. ನೆರವು ಪಡೆದು ಓದುವುದು ನಾಚಿಕೆಯಲ್ಲ, ವಿಶ್ವೇಶ್ವರಯ್ಯನವರೂ ಹಾಗೆಯೇ ಓದಿದವರು. ನಮ್ಮನ್ನು ನಾವೇ ಬಚ್ಚಿಟ್ಟುಕೊಂಡು ಮುಂದಕ್ಕೆ ಹೋಗುವುದಾದರೂ ಹ್ಯಾಂಗ?

ಮರುದಿನ ಬೇರೆ ನಮೂನೆ ತಂದು, ಎರಡನ್ನೂ ಬರೆದು ಕೊಟ್ಟು ಬಂದೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೂ ಆ ಅಂಕಣವನ್ನು ಇನ್ನು ಮುಂದೆ ಖಾಲಿ ಬಿಡುವುದಿಲ್ಲ.