ಬಸರಾದ ಮೀನು ಮಾರುವ ಹುಡುಗ ಬರೆದ ಪ್ರಾಣಿಗಳ ಪುಸ್ತಕ



ಕೊತ್ತಂಬರಿ ಬಿತ್ತುವವರನ್ನು ನೀವು ನೋಡಿರಬಹುದು. ಇಡೀ ಕಾಳನ್ನು ಹಾಗೆಯೇ ಮಣ್ಣಿಗೆ ಹಾಕುವುದಿಲ್ಲ. ಮೊದಲು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಕೊಳ್ಳುತ್ತಾರೆ, ಏಕೆಂದರೆ ಎರಡು ಹೋಳೂ ಮೊಳೆಯುತ್ತವೆ. ನಮ್ಮ ರೈತರಿಗೆ ಗೊತ್ತಿರುವ ಈ ಸಂಗತಿ ಇರುವೆಗೂ ಗೊತ್ತು ಎಂದು ಸುಮಾರು 1,200 ವರ್ಷಗಳ ಹಿಂದೆ ಇರಾಕಿನ ಬಸರಾ ಪಟ್ಟಣದ ಲೇಖಕರೊಬ್ಬರು ಬರೆದಿಟ್ಟರು. ಬೇಸಿಗೆಯಲ್ಲಿ ಕೂಡಿಟ್ಟ ಕಾಳು ಗೂಡಿನ ತೇವಕ್ಕೆ ಮೊಳೆಯಬಾರದೆಂದು ಇರುವೆ ಅದನ್ನು ಕಚ್ಚಿ ತುಂಡು ಮಾಡುತ್ತದೆ, ಕೊತ್ತಂಬರಿಯನ್ನು ಮಾತ್ರ ನಾಲ್ಕು ತುಂಡು ಮಾಡುತ್ತದೆ, ಕಾಳು ಒದ್ದೆಯಾದರೆ ಹೊರಗೆ ತಂದು ಒಣಗಿಸುತ್ತದೆ ಎಂಬುದು ಅವರ ವಿವರಣೆ. ಕೊತ್ತಂಬರಿಯ ಮಾತನ್ನು ಪಕ್ಕಕ್ಕಿಡಿ. ಕಾಳು ಕೂಡಿಡುವ ಇರುವೆಗಳು ಮೊಳಕೆಯ ತುದಿಯನ್ನು ಕಚ್ಚಿ ತೆಗೆಯುವುದನ್ನೂ ಒದ್ದೆ ಕಾಳನ್ನು ಬಿಸಿಲಿಗೆ ತರುವುದನ್ನೂ ಇಂಗ್ಲೆಂಡಿನ ಮಾಗ್ರಿಡ್ಜ್ ಎಂಬವರು ಫ್ರಾನ್ಸಿನ ದಕ್ಷಿಣ ತೀರದಲ್ಲಿ ಕುಳಿತು ನೋಡಿ 1873ರಲ್ಲಿ ಪುಸ್ತಕ ಬರೆದರು. ಯುರೋಪಿನಲ್ಲಿ ಅದುವರೆಗೆ ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕಿದವರೇ ಹೆಚ್ಚು.

ಆ ಬಸರಾದ ಲೇಖಕರ ಹೆಸರು ಅಬೂ ಉಸ್ಮಾನ್ ಅಮ್ರ್ ಇಬ್ನ್ ಬಹ್ರ್. ಲೋಕ ಅವರನ್ನು ಕರೆಯುವುದು ಅಲ್-ಜಾಹಿಝ್ ಎಂದು. ಅದು ಅವರಿಗೆ ಯಾರೂ ಪ್ರೀತಿಯಿಂದ ಇಟ್ಟ ಹೆಸರಲ್ಲ. ಉಬ್ಬಿದ ಕಣ್ಣಿನವನು ಎಂಬುದು ಅದರ ಅರ್ಥ.

ಅವರು ಹುಟ್ಟಿದ್ದು ಸುಮಾರು 776ರಲ್ಲಿ. ಅಜ್ಜ ಕಿನಾನಿಗಳ ಮನೆತನದ ಒಂಟೆ ಹೊಡೆಯುತ್ತಿದ್ದ ಕಪ್ಪು ವರ್ಣದವರು ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ತಂದೆ ಬೇಗ ತೀರಿಕೊಂಡರು. ಮನೆಯಲ್ಲಿ ಬಡತನ. ಹುಡುಗ ಬಸರಾದ ಸೈಹಾನ್ ಕಾಲುವೆಯ ದಂಡೆಯಲ್ಲಿ ರೊಟ್ಟಿ ಮತ್ತು ಮೀನು ಮಾರುತ್ತಿದ್ದ. ಕೆಲಸ ಮುಗಿದರೆ ಮಸೀದಿಗೆ ಹೋಗಿ ವಿದ್ವಾಂಸರ ಪಾಠದ ವೃತ್ತದಲ್ಲಿ ಕುಳಿತುಕೊಳ್ಳುವುದು, ಅಲ್ಲಿಂದ ಊರ ಹೊರಗಿನ ಮಿರ್ಬದ್ ಸಂತೆಗೆ ಹೋಗಿ ಮರುಭೂಮಿಯಿಂದ ಬಂದ ಬದೂಯಿನರ ಮಾತು ಕೇಳುವುದು ಅವನ ಹವ್ಯಾಸ. ಪುಸ್ತಕ ಕೊಳ್ಳಲು ಹಣ ಎಲ್ಲಿಂದ ಬರಬೇಕು? ಅವರು ಪುಸ್ತಕದಂಗಡಿಗಳನ್ನೇ ರಾತ್ರಿಗೆ ಬಾಡಿಗೆ ಹಿಡಿದು ಅಲ್ಲೇ ಕುಳಿತು ಓದುತ್ತಿದ್ದರೆಂದು ಅವರನ್ನು ಬಲ್ಲವರು ಹೇಳಿದ್ದಾರೆ.

ತಾಯಿಯ ಬಗ್ಗೆ ಒಂದು ಕಥೆಯಿದೆ. ಹಸಿದು ಬಂದು ಊಟ ಕೇಳಿದ ಮಗನ ಮುಂದೆ ಆಕೆ ತಟ್ಟೆಯಲ್ಲಿ ಅವನದೇ ಟಿಪ್ಪಣಿ ಪುಸ್ತಕಗಳನ್ನು ತಂದಿಟ್ಟರಂತೆ. ನೀನು ಸಂಪಾದಿಸಿ ತರುವುದು ಇದನ್ನೇ ತಾನೇ ಎಂಬುದು ಅದರ ಭಾವ. ಮಗ ಮುಖ ಸಣ್ಣದು ಮಾಡಿಕೊಂಡು ಮಸೀದಿಗೆ ಹೋದ. ಅವನ ಮುಖ ನೋಡಿ ವಿಷಯ ತಿಳಿದ ಒಬ್ಬ ಸಿರಿವಂತರು ಐವತ್ತು ದೀನಾರ್ ಕೊಟ್ಟರು. ಹಮಾಲಿಗಳ ತಲೆಯ ಮೇಲೆ ಹಿಟ್ಟು, ದಿನಸಿ ಹೊರಿಸಿಕೊಂಡು ಬಂದ ಮಗನನ್ನು ಇದೆಲ್ಲ ಎಲ್ಲಿಂದ ಎಂದು ತಾಯಿ ಕೇಳಿದಾಗ, ನೀವು ತಟ್ಟೆಯಲ್ಲಿ ಬಡಿಸಿದ ಪುಸ್ತಕಗಳಿಂದ ಎಂದನಂತೆ. ಮಗ ಓದುತ್ತ ಕುಳಿತರೆ ಅಂಗಡಿ ನೋಡುವವರು ಯಾರು ಎಂದು ಕೇಳುವ ತಾಯಂದಿರು ಇಂದೂ ಇದ್ದಾರೆ. ಅವರ ಪ್ರಶ್ನೆ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಎಲ್ಲರಿಗೂ ಐವತ್ತು ದೀನಾರ್ ಕೊಡುವವರು ಸಿಗುವುದಿಲ್ಲ.

ನಲವತ್ತರ ಆಸುಪಾಸಿನಲ್ಲಿ ಅವರ ಬರಹಗಳು ಖಲೀಫಾ ಮಾಮೂನರ ಕಣ್ಣಿಗೆ ಬಿದ್ದವು. ಅಲ್ಲಿಂದ ಬಗ್ದಾದಿನ ಬದುಕು. ಸರಕಾರಿ ಕಚೇರಿಯ ಲಿಪಿಕಾರರ ಹುದ್ದೆ ಸಿಕ್ಕಿತು, ಮೂರೇ ದಿನಕ್ಕೆ ಬಿಟ್ಟರೆಂಬ ಮಾತಿದೆ. ನಂತರ ಖಲೀಫಾ ಮುತವಕ್ಕಿಲ್ ತಮ್ಮ ಮಕ್ಕಳಿಗೆ ಪಾಠ ಹೇಳಿಸಲು ಕರೆಸಿದರು. ಮುಖ ನೋಡಿ ಮನಸ್ಸು ಬದಲಿಸಿ, ಹತ್ತು ಸಾವಿರ ದಿರ್ಹಮ್ ಕೈಗಿಟ್ಟು ಕಳಿಸಿದರು. ಜಾಹಿಝ್ ತಮ್ಮ ಕುರೂಪವನ್ನು ತಾವೇ ತಮಾಷೆ ಮಾಡಿಕೊಂಡು ಬರೆದವರು. ಇದನ್ನೂ ನಗುತ್ತಲೇ ಹೇಳಿಕೊಂಡರು.

ಅವರು ಬರೆದ ಕೃತಿಗಳು ಸುಮಾರು 200 ಎನ್ನುತ್ತಾರೆ. ಜಿಪುಣರ ಬಗ್ಗೆ ಬರೆದ ಪುಸ್ತಕವನ್ನು ಅರಬರು ಇಂದಿಗೂ ಓದಿ ನಗುತ್ತಾರೆ. ನಮಗೆ ಇಲ್ಲಿ ಬೇಕಾದದ್ದು ಕಿತಾಬುಲ್ ಹಯವಾನ್, ಅಂದರೆ ಪ್ರಾಣಿಗಳ ಪುಸ್ತಕ. ಏಳು ಸಂಪುಟಗಳು. ಇದನ್ನು ವಝೀರ್ ಇಬ್ನುಝ್ಝಯ್ಯಾತರಿಗೆ ಅರ್ಪಿಸಿದರು, ಐದು ಸಾವಿರ ದೀನಾರ್ ಬಹುಮಾನ ಬಂತು. ಆದರೆ ಆ ವಝೀರ್ 847ರಲ್ಲಿ ಅಧಿಕಾರ ಕಳೆದುಕೊಂಡು, ಬೇರೆಯವರನ್ನು ಹಿಂಸಿಸಲು ತಾವೇ ಮಾಡಿಸಿದ್ದ ಮೊಳೆಗಳ ಒಲೆಯೊಳಗೇ ಸತ್ತರು. ಓಡಿಹೋಗಿದ್ದ ಜಾಹಿಝರನ್ನು ಬೇಡಿ ಹಾಕಿ ಖಾಝಿಯ ಮುಂದೆ ತಂದು ನಿಲ್ಲಿಸಿದರು. ಮಾತಿನ ಬಲದಿಂದ ಅವರು ಉಳಿದರು.

ಪುಸ್ತಕದ ಶೈಲಿ ಇಂದಿನ ಜೀವಶಾಸ್ತ್ರದ ಪಠ್ಯದಂತಿಲ್ಲ. ಮೊದಲ ಎರಡು ಸಂಪುಟಗಳಲ್ಲಿ ಹೆಚ್ಚಿನ ಭಾಗ ನಾಯಿ ಮೇಲೋ ಹುಂಜ ಮೇಲೋ ಎಂಬ ವಾದ. ನಡುನಡುವೆ ಕವಿತೆ, ಗಾದೆ, ಹಾಸ್ಯ, ಧರ್ಮಶಾಸ್ತ್ರದ ಚರ್ಚೆ. ಓದುಗನಿಗೆ ಬೇಸರವಾಗಬಾರದೆಂದು ಬೇಕೆಂದೇ ವಿಷಯ ಬದಲಿಸುತ್ತೇನೆಂದು ಅವರೇ ಹೇಳಿಕೊಂಡಿದ್ದಾರೆ. ದೊಡ್ಡದನ್ನು ಮಾತ್ರ ನೋಡಿ ಬೆರಗಾಗುವವರನ್ನು ಅವರು ಒಪ್ಪುವುದಿಲ್ಲ. ಸೃಷ್ಟಿಕರ್ತನ ಕಡೆಗೆ ಬೆಟ್ಟ ಎಷ್ಟು ಬೊಟ್ಟು ಮಾಡುತ್ತದೋ ಬೆಣಚುಕಲ್ಲೂ ಅಷ್ಟೇ ಬೊಟ್ಟು ಮಾಡುತ್ತದೆ ಎಂಬುದು ಅವರ ನಿಲುವು. ಆದ್ದರಿಂದಲೇ ನೊಣ, ಸೊಳ್ಳೆ, ಹೇನಿಗೂ ಪುಟಗಟ್ಟಲೆ ಜಾಗ ಸಿಕ್ಕಿತು.

ಮರುಭೂಮಿಯಲ್ಲಿ ಜೀವಿಸುವುದು ಎಂತಹ ಕಷ್ಟವೆಂದು ಬದೂಯಿನರಿಂದ ಕೇಳಿ ತಿಳಿದ ಭಾಗಗಳು ನನಗೆ ಅತ್ಯಂತ ಇಷ್ಟವಾದವು. ಅರಬರು ದಬ್ಬ್ ಎನ್ನುವ ಹಲ್ಲಿಯೊಂದಿದೆ. ನಮ್ಮವರು ಅದನ್ನು ಉಡ ಎಂದು ಅನುವಾದಿಸುವುದುಂಟು, ಆದರೆ ಅದು ನಮ್ಮ ಉಡವಲ್ಲ. ಉಡ ಮಾಂಸ ತಿನ್ನುತ್ತದೆ. ದಬ್ಬ್ ಮುಳ್ಳುಬಾಲದ, ಮುಖ್ಯವಾಗಿ ಸೊಪ್ಪು ತಿನ್ನುವ ಪ್ರಾಣಿ. ಅದು ಎತ್ತರದ ಗಟ್ಟಿ ನೆಲದಲ್ಲೇ ಬಿಲ ತೋಡುತ್ತದೆ, ಮಳೆನೀರು ನುಗ್ಗಬಾರದು, ಗೊರಸಿನಡಿ ಬಿಲ ಕುಸಿಯಬಾರದು ಎಂಬ ಮುಂದಾಲೋಚನೆ. ದಾರಿ ಮರೆಯುವ ಪ್ರಾಣಿಯಾದ್ದರಿಂದ ಬಂಡೆಯೋ ಮರವೋ ಗುರುತಿಗೆ ಇರುವಲ್ಲಿ ಮನೆ ಮಾಡುತ್ತದೆ ಎಂದು ಅರಬರ ನಂಬಿಕೆ. ದಬ್ಬ್ ನೀರೇ ಕುಡಿಯುವುದಿಲ್ಲ ಎಂಬ ಮಾತೂ ಅವರಲ್ಲಿದೆ. ಇದು ಹೇಗೆ ಸಾಧ್ಯ? ತಿಂದ ಸೊಪ್ಪಿನಿಂದಲೇ ಅದಕ್ಕೆ ಬೇಕಾದ ನೀರು ಹೆಚ್ಚುಕಡಿಮೆ ಸಿಗುತ್ತದೆ. ಸೊಪ್ಪಿನಲ್ಲಿರುವ ಹೆಚ್ಚಿನ ಉಪ್ಪನ್ನು ಮೂಗಿನ ಬಳಿಯ ಗ್ರಂಥಿಗಳು ಹೊರಹಾಕುತ್ತವೆ, ಮೂತ್ರಕ್ಕೆ ನೀರು ದಂಡವಾಗುವುದಿಲ್ಲ. ಬೆಳಗಿನ ಚಳಿಯಲ್ಲಿ ಅದರ ಮೈ ಕಪ್ಪಾಗಿದ್ದು ಬಿಸಿಲನ್ನು ಹೀರುತ್ತದೆ, ಮೈ ಕಾದ ಮೇಲೆ ತಿಳಿ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಯರ್ಬೂ. ಕಾಂಗರೂವಿನಂತೆ ಹಿಂಗಾಲಲ್ಲಿ ಕುಪ್ಪಳಿಸುವ ಮರುಭೂಮಿಯ ಪುಟ್ಟ ಇಲಿ. ಅದರ ಬಿಲಕ್ಕೆ ಒಂದೇ ಬಾಗಿಲಲ್ಲ. ಒಂದು ಗುಪ್ತ ಬಾಗಿಲನ್ನು ಪೂರ್ತಿ ತೆರೆಯದೆ ಮೇಲೆ ತೆಳುವಾದ ಮಣ್ಣಿನ ಪದರ ಬಿಟ್ಟಿರುತ್ತದೆ. ಶತ್ರು ಮುಂಬಾಗಿಲಿಗೆ ಬಂದರೆ ತಲೆಯಿಂದ ಆ ಪದರವನ್ನು ಗುದ್ದಿ ಹಾರಿ ಓಡುತ್ತದೆ. ಆ ಬಾಗಿಲಿಗೆ ಅರಬಿಯಲ್ಲಿ ನಾಫಿಕಾ ಎನ್ನುತ್ತಾರೆ. ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಜಾರಿಕೊಳ್ಳುವ ಮನುಷ್ಯನಿಗೆ ಮುನಾಫಿಕ್ ಎಂಬ ಪದ ಬಂದದ್ದು ಇಲ್ಲಿಂದಲೇ ಎಂದು ಅರಬಿ ನಿಘಂಟುಕಾರರು ವಿವರಿಸುತ್ತಾರೆ. ನಾವು ದಿನವೂ ಕೇಳುವ ಪದದೊಳಗೆ ಒಂದು ಇಲಿಯ ಬಿಲ ಇದೆ ಎಂದು ನಿಮಗೆ ಗೊತ್ತಿತ್ತೇ? ಅದು ಪಾದದ ಹಿಂಭಾಗದ ಕೂದಲಿನ ಮೇಲೆ ಹೆಜ್ಜೆಯಿಟ್ಟು ಗುರುತು ಮೂಡದಂತೆ ನಡೆಯುತ್ತದೆ ಎಂಬುದನ್ನೂ ಜಾಹಿಝ್ ಬರೆದಿದ್ದಾರೆ.

ಕೇಳಿದ್ದನ್ನೆಲ್ಲ ಅವರು ನಂಬಿದವರಲ್ಲ. ಅರಿಸ್ಟಾಟಲ್‌ನ ಪ್ರಾಣಿಗ್ರಂಥ ಆಗ ಅರಬಿಗೆ ಬಂದಿತ್ತು. ಅವನ ಮಾತನ್ನೂ ಅವರು ಬೇಟೆಗಾರರು, ನಾವಿಕರು, ಕಟುಕರು, ಹಾವು ಹಿಡಿಯುವವರ ಬಳಿ ಒರೆಗೆ ಹಚ್ಚಿದರು. ಎರಡು ತಲೆಯ ಹಾವಿನ ಸುದ್ದಿ ಬಂದಾಗ ಅದನ್ನು ಕಣ್ಣಾರೆ ಕಂಡೆನೆಂದ ಬದೂಯಿನ್ ಒಬ್ಬನನ್ನು ಹಿಡಿದು ವಿಚಾರಿಸಿದರು. ಅದು ಯಾವ ತಲೆಯ ಕಡೆಗೆ ಹರಿಯುತ್ತದೆ, ಯಾವ ಬಾಯಿಂದ ತಿನ್ನುತ್ತದೆ? ಅದು ಹರಿಯುವುದಿಲ್ಲ, ಮಕ್ಕಳು ಮರಳಿನಲ್ಲಿ ಉರುಳಿದಂತೆ ಉರುಳುತ್ತದೆ, ಬೆಳಗಿನ ಊಟ ಒಂದು ಬಾಯಲ್ಲಿ, ರಾತ್ರಿಯದು ಇನ್ನೊಂದರಲ್ಲಿ, ಕಚ್ಚುವಾಗ ಮಾತ್ರ ಎರಡರಿಂದಲೂ ಎಂದು ಅವನು ಉತ್ತರಿಸಿದ. ಇವನಷ್ಟು ಸುಳ್ಳುಗಾರ ಸೃಷ್ಟಿಯಲ್ಲೇ ಇಲ್ಲ ಎಂದು ಜಾಹಿಝ್ ಷರಾ ಬರೆದರು. ಜಿರಾಫೆ ಎಂಬುದು ಒಂಟೆ, ಹಸು ಮುಂತಾದವುಗಳ ಬೆರಕೆಯಿಂದ ಹುಟ್ಟಿದ್ದು ಎಂಬ ಜನಪ್ರಿಯ ಮಾತನ್ನೂ ಅವರು ತಿರಸ್ಕರಿಸಿದರು. ಹೆಸರಿನಲ್ಲಿ ಒಂಟೆ, ಹಸು ಇದ್ದ ಮಾತ್ರಕ್ಕೆ ಹುಟ್ಟಿನಲ್ಲೂ ಇರಬೇಕೇ ಎಂಬುದು ಅವರ ತರ್ಕ.

ಈಗ ಒಂದು ಸೂಕ್ಷ್ಮ ವಿಷಯಕ್ಕೆ ಬರುತ್ತೇನೆ. ಡಾರ್ವಿನ್‌ಗಿಂತ ಸಾವಿರ ವರ್ಷ ಮೊದಲೇ ಜಾಹಿಝ್ ವಿಕಾಸವಾದವನ್ನು ಕಂಡುಹಿಡಿದಿದ್ದರು ಎಂದು ಹಲವು ಲೇಖನಗಳಲ್ಲಿ ನೀವು ಓದಿರುತ್ತೀರಿ. ನಮ್ಮ ಸಮಾರಂಭಗಳ ವೇದಿಕೆಯಲ್ಲೂ ಇದನ್ನು ಕೇಳಿ ಚಪ್ಪಾಳೆ ತಟ್ಟಿದ್ದೇವೆ, ನಾನೂ ತಟ್ಟಿದವನೇ. ಆದರೆ ಅವರ ಮಾತುಗಳನ್ನು ಬಿಡಿಬಿಡಿಯಾಗಿ ನೋಡಿ.

ಬನೂ ಸುಲೈಮ್ ಬುಡಕಟ್ಟಿನ ನಾಡಿನಲ್ಲಿ ಹರ್ರಾ ಎಂಬ ಪ್ರದೇಶವಿದೆ. ಜ್ವಾಲಾಮುಖಿ ಉಗುಳಿದ ಕಪ್ಪು ಕಲ್ಲಿನ ನೆಲ. ಅಲ್ಲಿನ ಮನುಷ್ಯರು, ಪ್ರಾಣಿ, ಪಕ್ಷಿ, ಹುಳುಗಳೆಲ್ಲ ಕಪ್ಪು ಎಂದು ಜಾಹಿಝ್ ಬರೆದರು. ಜೊತೆಗೇ ಹೇನಿನ ಉದಾಹರಣೆ ಕೊಟ್ಟರು. ಕಪ್ಪು ಕೂದಲಿನ ತಲೆಯಲ್ಲಿ ಹೇನು ಕಪ್ಪು, ನರೆತ ತಲೆಯಲ್ಲಿ ಬಿಳಿ, ಮದರಂಗಿ ಹಚ್ಚಿದ ತಲೆಯಲ್ಲಿ ಕೆಂಪು. ಇನ್ನೊಂದು ಕಡೆ, ಇಲಿ ತನಗಿಂತ ಚಿಕ್ಕದನ್ನು ಹುಡುಕಿ ತಿನ್ನುತ್ತದೆ, ತನಗಿಂತ ಬಲವಾದದ್ದಕ್ಕೆ ಆಹಾರವಾಗುತ್ತದೆ, ಬಲಶಾಲಿಯೆಲ್ಲ ದುರ್ಬಲವನ್ನು ತಿನ್ನುತ್ತದೆ ಎಂದು ಬರೆದರು.

ಎರಡೂ ಸರಿಯಾದ ನೋಟ. ಆದರೆ ಇವೆರಡನ್ನೂ ಅವರು ಒಂದಕ್ಕೊಂದು ಜೋಡಿಸಲಿಲ್ಲ. ಬಣ್ಣಕ್ಕೆ ಅವರು ಕೊಟ್ಟ ಕಾರಣ ಆ ನೆಲದ ಗುಣ, ಅಷ್ಟೇ. ಹೇನು ಬೆವರು ಮತ್ತು ಕೊಳೆಯಿಂದ ತಾನಾಗಿ ಹುಟ್ಟುತ್ತದೆ ಎಂದೂ ಅವರು ನಂಬಿದ್ದರು. ನೆಲಕ್ಕೆ ಹೊಂದದ ಬಣ್ಣದ್ದು ಶತ್ರುವಿನ ಬಾಯಿಗೆ ಬೇಗ ಬೀಳುತ್ತದೆ, ಹೊಂದುವ ಬಣ್ಣದ್ದು ಉಳಿದು ತನ್ನ ಬಣ್ಣವನ್ನು ಮರಿಗಳಿಗೆ ಕೊಡುತ್ತದೆ, ತಲೆಮಾರುಗಳು ಕಳೆದಂತೆ ಇಡೀ ಕುಲವೇ ಬದಲಾಗುತ್ತದೆ ಎಂಬ ಕೊಂಡಿ ಅವರಲ್ಲಿಲ್ಲ. ವಿಕಾಸವಾದದ ಜೀವಾಳ ಆ ಕೊಂಡಿಯೇ. ಅದನ್ನು ಡಾರ್ವಿನ್ ಮತ್ತು ವಾಲೇಸ್ 1858ರಲ್ಲಿ ಮುಂದಿಟ್ಟರು. ಇಲ್ಲದ್ದನ್ನು ಜಾಹಿಝರ ಬಾಯಲ್ಲಿ ತುರುಕಿದರೆ, ಎರಡು ತಲೆಯ ಹಾವು ಕಂಡವನ ಸಾಲಿಗೆ ನಾವೂ ಸೇರುತ್ತೇವೆ.

ಹಾಗೆಂದು ಅವರ ನೋಟ ಸಣ್ಣದೆಂದು ತಿಳಿಯಬೇಡಿ. ಅಮೆರಿಕದ ಅರಿಝೋನಾದಲ್ಲಿಯೂ ಹರ್ರಾದಂತಹ ಕಪ್ಪು ಲಾವಾ ನೆಲವಿದೆ. ಅಲ್ಲಿನ ಒಂದು ಜಾತಿಯ ಇಲಿಗಳು ಮರಳಿನಲ್ಲಿ ತಿಳಿ ಬಣ್ಣದವು, ಲಾವಾ ಕಲ್ಲಿನ ಮೇಲೆ ಕಪ್ಪು. ಅದಕ್ಕೆ ಕಾರಣವಾದ ಜೀನನ್ನು 2003ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಹೇನಿನ ಕಥೆ ಇನ್ನೂ ಸೋಜಿಗದ್ದು. ಅಮೆರಿಕದ ಉಟಾ ವಿಶ್ವವಿದ್ಯಾಲಯದವರು ಪಾರಿವಾಳದ ಗರಿಯ ಹೇನುಗಳನ್ನು ಬೇರೆ ಬೇರೆ ಬಣ್ಣದ ಪಾರಿವಾಳಗಳ ಮೇಲೆ ಬಿಟ್ಟು ನಾಲ್ಕು ವರ್ಷ, ಅಂದರೆ ಹೇನಿನ ಸುಮಾರು 60 ತಲೆಮಾರು ಕಾದರು. ಬಿಳಿ ಪಾರಿವಾಳದ ಹೇನುಗಳು ತಿಳಿಯಾದವು, ಕಪ್ಪು ಪಾರಿವಾಳದವು ಕಪ್ಪಾದವು. ಕಣ್ಣಿಗೆ ಬಿದ್ದ ಹೇನನ್ನು ಪಾರಿವಾಳ ಕೊಕ್ಕಿನಿಂದ ಹೆಕ್ಕಿ ತೆಗೆಯುವುದೇ ಇದಕ್ಕೆ ಕಾರಣ. 2019ರಲ್ಲಿ ಈ ವರದಿ ಪ್ರಕಟವಾಯಿತು. ಪಾರಿವಾಳದ ಬಗ್ಗೆ ಅಷ್ಟೊಂದು ಬರೆದ, ಹೇನಿನ ಬಣ್ಣವನ್ನು ಅಷ್ಟು ಹತ್ತಿರದಿಂದ ಗಮನಿಸಿದ ಮನುಷ್ಯ ಇದನ್ನು ನೋಡಿದ್ದರೆ ಇನ್ನೊಂದು ಸಂಪುಟವನ್ನೇ ಬರೆಯುತ್ತಿದ್ದರೋ ಏನೋ.

ಪುಸ್ತಕದಲ್ಲಿ ಬಸರಾದ ಒಬ್ಬ ಖಾಝಿಯ ಪ್ರಸಂಗ ಬರುತ್ತದೆ. ಕಂಬದಂತೆ ಅಲುಗಾಡದೆ ಕೂರುವ ಗಂಭೀರ ಮನುಷ್ಯ. ಒಂದು ದಿನ ನೊಣವೊಂದು ಅವರ ಮೂಗಿನ ಮೇಲೆ ಕುಳಿತು, ನಂತರ ಕಣ್ಣಿನ ಮೂಲೆಗೆ ಹೋಯಿತು. ತಡೆದುಕೊಂಡರು, ರೆಪ್ಪೆ ಬಡಿದರು, ಕೊನೆಗೆ ಸಭೆಯೆಲ್ಲ ನೋಡುತ್ತಿರುವಾಗಲೇ ಕೈ ಎತ್ತಿ ಓಡಿಸಬೇಕಾಯಿತು. ಮುದಿ ವಯಸ್ಸಿನಲ್ಲಿ ಜಾಹಿಝರಿಗೇ ಪಾರ್ಶ್ವವಾಯು ಬಡಿಯಿತು. ಊರಿಗೆ ಮರಳಿದರು. ಮೈಯ ಒಂದು ಬದಿಯನ್ನು ಕತ್ತರಿಯಿಂದ ಕತ್ತರಿಸಿದರೂ ತಿಳಿಯುವುದಿಲ್ಲ, ಇನ್ನೊಂದು ಬದಿಯ ಮೇಲೆ ನೊಣ ಹಾದುಹೋದರೂ ನೋವಾಗುತ್ತದೆ ಎಂದು ನೋಡಲು ಬಂದವರಿಗೆ ಹೇಳುತ್ತಿದ್ದರು. ಹಿಜರಿ 255ರ ಮುಹರ್ರಮ್‌ನಲ್ಲಿ, ಕ್ರಿಸ್ತಶಕದ ಲೆಕ್ಕದಲ್ಲಿ 868ರ ಕೊನೆ ಅಥವಾ 869ರ ಆರಂಭದಲ್ಲಿ, ಬಸರಾದಲ್ಲೇ ತೀರಿಕೊಂಡರು. ವಯಸ್ಸು ತೊಂಬತ್ತು ದಾಟಿತ್ತು. ಪುಸ್ತಕಗಳ ರಾಶಿ ಮೈಮೇಲೆ ಕುಸಿದು ಸತ್ತರೆಂಬ ಕಥೆ ಬಹಳ ಪ್ರಸಿದ್ಧ, ಆದರೆ ಅದು ಬಹುಕಾಲದ ಮೇಲೆ ಸೇರಿಕೊಂಡದ್ದು.

ಕಿತಾಬುಲ್ ಹಯವಾನಿನ ಚಿತ್ರಸಹಿತವಾದ ಹಳೆಯ ಹಸ್ತಪ್ರತಿಯೊಂದು ಇಟಲಿಯ ಮಿಲಾನ್ ನಗರದ ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿದೆ. ಅದರ ಒಂದು ಹಾಳೆಯಲ್ಲಿ ಉಷ್ಟ್ರಪಕ್ಷಿಯೊಂದು ತನ್ನ ಮೊಟ್ಟೆಗಳ ಮೇಲೆ ಕಾವು ಕುಳಿತಿದೆ. ಏಳು ಸಂಪುಟಗಳನ್ನು ಕೈರೋದ ವಿದ್ವಾಂಸ ಅಬ್ದುಸ್ಸಲಾಮ್ ಹಾರೂನ್ 1938ರಿಂದ 1945ರವರೆಗೆ ಶ್ರಮಪಟ್ಟು ಸಂಪಾದಿಸಿ ಅಚ್ಚು ಹಾಕಿಸಿದರು.