ಗಾಳಿಮಾತು ತಂದ ಮದ್ದು: ಎಡ್ವರ್ಡ್ ಕೆಂಡಲ್

ಎರಡನೇ ಮಹಾಯುದ್ಧದ ಕಾಲ. ಅಡ್ರಿನಲ್ ಗ್ರಂಥಿಯ ಸಾರ ಪಡೆದ ಜರ್ಮನ್ ವೈಮಾನಿಕರು ಆಮ್ಲಜನಕ ವಿರಳವಾದ 40 ಸಾವಿರ ಅಡಿ ಎತ್ತರದಲ್ಲೂ ಹಾರಬಲ್ಲರೆಂಬ ಸುದ್ದಿ 1941ರಲ್ಲಿ ಅಮೆರಿಕವನ್ನು ತಲುಪಿತು. ಅದು ಬರೀ ಗಾಳಿಮಾತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗೆ ಸರ್ಕಾರದ ಬೆಂಬಲ ದೊರೆತಿತ್ತು. ಆ ಕಾರ್ಯದ ಮುಂಚೂಣಿಯಲ್ಲಿದ್ದವರು ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಲ್.

1886ರ ಮಾರ್ಚ್ 8ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸೌತ್ ನಾರ್ವಾಕ್‌ನಲ್ಲಿ ಜನಿಸಿದ ಕೆಂಡಲ್, 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1914ರಲ್ಲಿ ಮೇಯೊ ಕ್ಲಿನಿಕ್ ಸೇರಿ, ಅದೇ ವರ್ಷದ ಕ್ರಿಸ್‌ಮಸ್ ದಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನಾದ ಥೈರಾಕ್ಸಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಆದರೆ ಅದರ ರಚನೆಯನ್ನು ಅವರು ತಪ್ಪಾಗಿ ಊಹಿಸಿದ್ದರು. ಸರಿಯಾದ ರಚನೆಯನ್ನು 1926ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್.

ಕೆಂಡಲ್ ಎದೆಗುಂದಲಿಲ್ಲ. 1930ರ ದಶಕದಲ್ಲಿ ಅಡ್ರಿನಲ್ ಗ್ರಂಥಿಯಿಂದ ಹಲವು ವಸ್ತುಗಳನ್ನು ಬೇರ್ಪಡಿಸಿ ಅವಕ್ಕೆ ಅಕ್ಷರಗಳ ಹೆಸರಿಟ್ಟರು. ಯುದ್ಧಕಾಲದ ಯತ್ನದ ಫಲವಾಗಿ 1944ರಲ್ಲಿ ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ಅವುಗಳಲ್ಲೊಂದಾದ ‘ಇ’ ಸಂಯುಕ್ತವನ್ನು ಪಿತ್ತರಸದ ಆಮ್ಲದಿಂದ ತಯಾರಿಸಿದರು. 1948ರ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ಫಿಲಿಪ್ ಹೆಂಚ್ ಅದನ್ನು ತೀವ್ರ ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ನೀಡಿದಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಅದೇ ಕಾರ್ಟಿಸೋನ್. 1950ರ ನೊಬೆಲ್ ಪ್ರಶಸ್ತಿ ಕೆಂಡಲ್, ಹೆಂಚ್ ಹಾಗೂ ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ಸಂದಿತು. ದೀರ್ಘಕಾಲ ಬಳಸಿದರೆ ಈ ಮದ್ದು ಮೂಳೆ ಸವೆತ, ಸೋಂಕುಗಳನ್ನು ತಂದೊಡ್ಡುತ್ತದೆ ಎಂಬುದೂ ಬೇಗನೆ ಅರಿವಾಯಿತು.

ಈ ಹಾರ್ಮೋನುಗಳು ಜೀವಕೋಶದೊಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದರ ಪೂರ್ಣ ಚಿತ್ರ ಕಾಣಲು ಕೆಂಡಲ್ ಉಳಿಯಲಿಲ್ಲ. 1972ರ ಮೇ 4ರಂದು ಅವರು ನಿಧನರಾದರು. 1985 ಮತ್ತು 1986ರಲ್ಲಿ ವಿಜ್ಞಾನಿಗಳು ಅಡ್ರಿನಲ್ ಹಾಗೂ ಥೈರಾಯ್ಡ್ ಹಾರ್ಮೋನುಗಳ ಗ್ರಾಹಕಗಳ ಜೀನುಗಳನ್ನು ಗುರುತಿಸಿದಾಗ, ಎರಡೂ ಒಂದೇ ಕುಟುಂಬಕ್ಕೆ ಸೇರಿದವೆಂದು ತಿಳಿದುಬಂತು. ಕೋಶಕೇಂದ್ರದಲ್ಲಿ ಜೀನುಗಳನ್ನು ಚಾಲೂ ಮಾಡುವ, ತಡೆಯುವ ಪ್ರೋಟೀನುಗಳಿವು. ಕೆಂಡಲ್ ಬೇರ್ಪಡಿಸಿದ ಎರಡು ಹಾರ್ಮೋನುಗಳ ಹಾದಿ ಕೊನೆಗೆ ಒಂದೆಡೆ ಕೂಡಿತ್ತು.

ಆಮ್ಲಜನಕ ಕುಸಿದಾಗ ಜೀವಕೋಶದಲ್ಲಿ ಎಚ್‌ಐಎಫ್ ಎಂಬ ಮತ್ತೊಂದು ಪ್ರೋಟೀನು ಶೇಖರಗೊಂಡು, ಕೆಂಪು ರಕ್ತಕಣ ಹಾಗೂ ರಕ್ತನಾಳಗಳನ್ನು ಹೆಚ್ಚಿಸುವ ಜೀನುಗಳನ್ನು ಎಚ್ಚರಿಸುತ್ತದೆ. ಈ ಸಂಶೋಧನಾ ಕ್ಷೇತ್ರಕ್ಕೆ 2019ರ ನೊಬೆಲ್ ದೊರೆಯಿತು. ಅಡ್ರಿನಲ್ ಹಾರ್ಮೋನಿನ ಗ್ರಾಹಕ ಮತ್ತು ಎಚ್‌ಐಎಫ್ ಪರಸ್ಪರ ಪ್ರಭಾವ ಬೀರುತ್ತವೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಕಾರ್ಟಿಸೋನಿನ ವಂಶದ ಡೆಕ್ಸಾಮೆಥಾಸೋನ್ ಇಂದು ಪರ್ವತಾರೋಹಿಗಳ ಮಿದುಳು ಊತಕ್ಕೆ ಮದ್ದು. ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ರಿಕವರಿ ಪ್ರಯೋಗದಲ್ಲಿ, ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಅದು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕದ ನೆರವು ಬೇಡವಾಗಿದ್ದವರಿಗೆ ಲಾಭವಾಗಲಿಲ್ಲ. ಅದು ಉಸಿರು ತುಂಬುವ ಮದ್ದಲ್ಲ, ಉರಿಯೂತ ತಣಿಸುವ ಮದ್ದು. ವೈಮಾನಿಕರ ಕಥೆ ಸುಳ್ಳಾದರೂ, ಅದರ ಬೆನ್ನು ಹಿಡಿದು ನಡೆದ ದುಡಿಮೆ ಉಸಿರಿಗಾಗಿ ಹೋರಾಡಿದ ಅನೇಕರ ಜೀವ ಉಳಿಸಿತು.